ನಮ್ಮ ಕಥೆಯ ಹೀರೋಗೂ ಒಬ್ಬರು ಅಜ್ಜಿ ಬೇಕು

ಶಾರುಖ್ ಖಾನ್ ನಮ್ಮ ಊರಿನವರೇ ಎಂದು ವಾದಿಸುವವರು ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಒಬ್ಬರಾದರೂ ಇರುತ್ತಾರೆ. ವಾದದಲ್ಲಿ ಸ್ವಲ್ಪ ಸತ್ಯವೂ ಇದೆ. ಅವರು ಹುಟ್ಟಿದ್ದು 1965ರ ನವೆಂಬರ್ 2ರಂದು ದೆಹಲಿಯಲ್ಲಿ. ತಂದೆಯ ಊರು ಪೇಶಾವರ. ಆದರೆ ತಾಯಿಯ ತಂದೆ ಮಂಗಳೂರು ಬಂದರಿನಲ್ಲಿ ಇಂಜಿನಿಯರ್ ಆಗಿದ್ದರು ಎಂದೂ, ಬಾಲ್ಯದ ಮೊದಲ ಕೆಲವು ವರ್ಷ ತಾನು ಅಜ್ಜಿಯ ಜೊತೆ ಮಂಗಳೂರಿನಲ್ಲಿದ್ದೆ ಎಂದೂ ಶಾರುಖ್ ಅವರೇ ಹೇಳಿಕೊಂಡಿದ್ದಾರೆ. ನಮಗೆ ಇಷ್ಟೇ ಸಾಕು. ಬಸ್ಸು ಪಣಂಬೂರು ದಾಟುವಾಗ “ಇಲ್ಲೇ ಎಲ್ಲೋ ಇದ್ದದ್ದು ಮಾರಾಯ” ಎಂದು ಯಾರಾದರೂ ಕಿಟಕಿಯಿಂದ ಕೈ ತೋರಿಸುತ್ತಾರೆ.

ಈಗ ಹಾಗೆ ಕೈ ತೋರಿಸಿದವರನ್ನೇ ಇನ್ನೊಂದು ಪ್ರಶ್ನೆ ಕೇಳಿ ನೋಡಿ. ನಿನ್ನ ಅಜ್ಜಿಯ ತಾಯಿ ಯಾವ ಊರಿನವರು? ಅವರ ಹೆಸರೇನು? ನಾನು ನಮ್ಮ ತರಗತಿಯಲ್ಲಿ ಕೇಳಿದ್ದೇನೆ. ಕೆಲವರು ನಕ್ಕರು. ಕೆಲವರು “ಮನೆಯಲ್ಲಿ ಕೇಳಿ ನಾಳೆ ಹೇಳುತ್ತೇನೆ” ಎಂದರು. ಒಬ್ಬ ನಟನ ತಾಯಿಯ ತಂದೆಯ ಉದ್ಯೋಗ ನಮಗೆ ಗೊತ್ತು. ನಮ್ಮ ತಾಯಿಯ ಅಜ್ಜಿಯ ಹೆಸರು ಗೊತ್ತಿಲ್ಲ.

ಇದನ್ನು ಹೇಳಿ ಸಿನಿಮಾ ನೋಡುವವರನ್ನು ಬೈಯುವುದು ನನ್ನ ಉದ್ದೇಶವಲ್ಲ. ಬೈಯಲು ಬೇರೆ ತುಂಬಾ ಜನ ಇದ್ದಾರೆ. ನಾನು ಸಿನಿಮಾ ಹುಚ್ಚಿನವಳೇ. ಮಾತ್ರವಲ್ಲ, ಸಿನಿಮಾದ ಪಾತ್ರಗಳನ್ನು ಇಟ್ಟುಕೊಂಡು ಕಥೆ ಬರೆಯುವವಳು ಕೂಡ. ಅಂಥ ಕಥೆಗಳಿಗೆ ಫ್ಯಾನ್ ಫಿಕ್ಷನ್ ಎಂದು ಹೆಸರು. ಅಭಿಮಾನಿ ಕಥೆ ಎಂದರೂ ಆದೀತು. ನಟರ ಬೇರು ಹುಡುಕುವ ನಮ್ಮ ಉತ್ಸಾಹವನ್ನು ನಮ್ಮ ಮನೆಯ ಕಡೆಗೆ ತಿರುಗಿಸಲು ಈ ಕಥೆಗಳಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಇವನ್ನು ನೋಟ್ ಪುಸ್ತಕದ ಕೊನೆಯ ಪುಟಗಳಲ್ಲಿ ಅಡಗಿಸಿಡದೆ ಈ ಪತ್ರಿಕೆಯಲ್ಲೇ ಒಂದು ಪುಟ ಕೊಡಬೇಕು ಎಂಬುದು ನನ್ನ ಬೇಡಿಕೆ.

ನನ್ನ ನಟರು, ಅವರ ಊರುಗಳು

ನನ್ನ ಪಟ್ಟಿಯಲ್ಲಿ ಮೊದಲ ಹೆಸರು ದಿಲೀಪ್ ಕುಮಾರ್ ಅವರದು. ನಮ್ಮ ವಯಸ್ಸಿನವರಿಗೆ ತೀರಾ ಹಳಬರು ಅನ್ನಿಸಬಹುದು. ಅವರ ನಿಜವಾದ ಹೆಸರು ಮುಹಮ್ಮದ್ ಯೂಸುಫ್ ಖಾನ್. 1922ರ ಡಿಸೆಂಬರ್ 11ರಂದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಹುಟ್ಟಿದವರು. ಕಿಸ್ಸಾ ಖ್ವಾನಿ ಎಂದರೆ ಕಥೆ ಹೇಳುವವರ ಬೀದಿ. ದೂರದ ಊರುಗಳಿಂದ ಬಂದ ವ್ಯಾಪಾರಿಗಳು ಅಲ್ಲಿ ತಂಗಿ, ಚಹಾ ಕುಡಿಯುತ್ತಾ ಕಥೆ ಕೇಳುತ್ತಿದ್ದರಂತೆ. ಯೂಸುಫರ ತಂದೆ ಹಣ್ಣಿನ ವ್ಯಾಪಾರಿ. ಮಗ ಸಿನಿಮಾ ಸೇರಿದ ಸುದ್ದಿ ಮೊದಮೊದಲು ತಂದೆಗೆ ಗೊತ್ತೇ ಇರಲಿಲ್ಲ. ಬಾಂಬೆ ಟಾಕೀಸಿನ ದೇವಿಕಾ ರಾಣಿ ಹೊಸ ಹೆಸರಿಟ್ಟರು. 1944ರ ‘ಜ್ವಾರ್ ಭಾಟಾ’ ಮೊದಲ ಚಿತ್ರ. ಪೇಶಾವರದ ಹಣ್ಣಿನ ವ್ಯಾಪಾರಿಯ ಆ ಮಗ 1955ರಲ್ಲಿ ಬಂಗಾಳದ ಜಮೀನ್ದಾರರ ಮಗ ದೇವದಾಸನಾದರು.

ಎರಡನೆಯವರು ಗುರುದತ್. ಇವರು 1925ರ ಜುಲೈ 9ರಂದು ಹುಟ್ಟಿದ್ದು ಬೆಂಗಳೂರಿನಲ್ಲಿ. ಮೂಲ ಹೆಸರು ವಸಂತಕುಮಾರ್ ಶಿವಶಂಕರ ಪಡುಕೋಣೆ. ಪಡುಕೋಣೆ ನಮ್ಮ ಪಕ್ಕದ ಉಡುಪಿ ಜಿಲ್ಲೆಯ ಊರು. ಕೊಂಕಣಿ ಮನೆಮಾತಿನ, ಕಲ್ಕತ್ತದಲ್ಲಿ ಬೆಳೆದ ಈ ಹುಡುಗ 1960ರ ‘ಚೌದವೀ ಕಾ ಚಾಂದ್’ ಚಿತ್ರದಲ್ಲಿ ಲಕ್ನೋದ ಅಸ್ಲಂ ಆದರು. ಪೇಶಾವರದ ಯೂಸುಫ್ ದೇವದಾಸನ ಮನೆಗೆ ಹೋದರೆ, ಪಡುಕೋಣೆಯ ವಸಂತಕುಮಾರ್ ಅಸ್ಲಂನ ಮನೆಗೆ ಬಂದರು.

ಮೂರನೆಯವರು ಮಮ್ಮುಟ್ಟಿ. ವೈಕಂ ಬಳಿಯ ಚೆಂಬು ಎಂಬ ಊರಿನ ಮುಹಮ್ಮದ್ ಕುಟ್ಟಿ. ವಕೀಲಿ ಓದಿದವರು. ಬ್ಯಾರಿ ಮಾತಾಡುವ ನಮಗೆ ಮಲಯಾಳಂ ಚಿತ್ರ ನೋಡಲು ಸಬ್‌ಟೈಟಲ್ ಬೇಕಾಗುವುದಿಲ್ಲ, ಆದ್ದರಿಂದ ನಮ್ಮ ಮನೆಯಲ್ಲಿ ಇವರು ನೆಂಟರ ಹಾಗೆ. 1993ರ ‘ವಿಧೇಯನ್’ ಚಿತ್ರದ ಕಥೆ ನಡೆಯುವುದು ನಮ್ಮ ದಕ್ಷಿಣ ಕನ್ನಡದಲ್ಲೇ. ಅದರಲ್ಲಿ ಮಮ್ಮುಟ್ಟಿ ಭಾಸ್ಕರ ಪಟೇಲ ಎಂಬ ಕ್ರೂರ ಜಮೀನ್ದಾರ. ಕನ್ನಡ ಬೆರೆತ ಮಲಯಾಳಂನಲ್ಲಿ ಅವರು ಗದರಿಸುವುದನ್ನು ಕೇಳಿದರೆ ಈಗಲೂ ಮೈ ನಡುಗುತ್ತದೆ.

ನಾಲ್ಕನೆಯವರು ಇರ್ಫಾನ್ ಖಾನ್. ರಾಜಸ್ಥಾನದವರು, ತಂದೆಗೆ ಟಯರ್ ವ್ಯಾಪಾರ. 2020ರ ಏಪ್ರಿಲ್ 29ರಂದು ಅವರು ತೀರಿಕೊಂಡಾಗ ಇಡೀ ದೇಶ ಲಾಕ್‌ಡೌನ್‌ನಲ್ಲಿತ್ತು. ‘ಪಾನ್ ಸಿಂಗ್ ತೋಮರ್’ ಚಿತ್ರದಲ್ಲಿ ಅವರು ಚಂಬಲ್ ಕಣಿವೆಯ ಓಟಗಾರ. ರಾಷ್ಟ್ರಪ್ರಶಸ್ತಿ ಬಂದದ್ದು ಅದಕ್ಕೇ.

ಕೊನೆಯ ಹೆಸರು ಉಮಾಶ್ರೀ. ತುಮಕೂರು ಜಿಲ್ಲೆಯ ನೊಣವಿನಕೆರೆಯವರು. ಗಿರೀಶ್ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ ಚಿತ್ರದಲ್ಲಿ ಕುಂದಾಪುರ ಕಡೆಯ ಮೀನುಗಾರರ ದ್ವೀಪವೊಂದರ ಮುಸ್ಲಿಂ ಸೂಲಗಿತ್ತಿ ಗುಲಾಬಿಯಾಗಿ ರಾಷ್ಟ್ರಪ್ರಶಸ್ತಿ ಪಡೆದರು. ಈ ಗುಲಾಬಿಯ ಬಗ್ಗೆ ಮುಂದೆ ಹೇಳುವುದಿದೆ.

ಈ ಐದು ಮಂದಿಯಲ್ಲಿ ನನಗೆ ಇಷ್ಟವಾಗುವುದು ಒಂದೇ ಗುಣ. ಅವರು ತಮ್ಮ ಮನೆಯಿಂದ ಹೊರಟು ಇನ್ನೊಬ್ಬರ ಮನೆಯ ಒಳಗೆ ಹೋಗುತ್ತಾರೆ. ಅಲ್ಲಿನ ಭಾಷೆ, ಅಲ್ಲಿನ ಸಿಟ್ಟು, ಅಲ್ಲಿನ ಕೂರುವ ಏಳುವ ರೀತಿ ಎಲ್ಲವನ್ನೂ ತಮ್ಮದಾಗಿಸಿಕೊಳ್ಳುತ್ತಾರೆ. ಅಭಿಮಾನಿ ಕಥೆ ಬರೆಯುವವರು ಮಾಡಬಹುದಾದದ್ದು ಇದರ ಉಲ್ಟಾ ಕೆಲಸ. ನಾವು ಪಾತ್ರವನ್ನು ನಮ್ಮ ಮನೆಗೆ ಕರೆಯಬಹುದು.

ಇದು ಹೊಸ ಹುಚ್ಚೇನಲ್ಲ

ಫ್ಯಾನ್ ಫಿಕ್ಷನ್ ಎಂದರೆ ಫೋನ್ ಬಂದ ಮೇಲೆ ಹುಟ್ಟಿದ ಚಟ ಎಂದು ಹಲವರು ತಿಳಿದಿದ್ದಾರೆ. ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಟಿವಿ ಧಾರಾವಾಹಿಯ ಅಭಿಮಾನಿಗಳು 1967ರಲ್ಲೇ ‘ಸ್ಪಾಕನೇಲಿಯಾ’ ಎಂಬ ಪತ್ರಿಕೆ ತಂದು ತಮ್ಮ ಕಥೆಗಳನ್ನು ಅದರಲ್ಲಿ ಹಂಚಿಕೊಂಡರು. ಈಗ ವಾಟ್‌ಪ್ಯಾಡ್ ಇದೆ, ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿ ಇದೆ. ಅಭಿಮಾನಿಗಳೇ ನಡೆಸುವ ‘ಆರ್ಕೈವ್ ಆಫ್ ಅವರ್ ಓನ್’ ಎಂಬ ಸಂಗ್ರಹಕ್ಕೆ 2019ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ವಿಜ್ಞಾನ ಕಥೆಗಳ ಲೋಕದಲ್ಲಿ ಅದು ದೊಡ್ಡ ಗೌರವ.

ಆದರೆ ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ ತಾಳಮದ್ದಳೆ ನೋಡದವರು ಯಾರು? ಪ್ರಸಂಗದ ಪದ್ಯ ನಾಲ್ಕು ಸಾಲು. ಅದರ ಮೇಲೆ ಅರ್ಥಧಾರಿ ಅರ್ಧ ಗಂಟೆ ಮಾತಾಡುತ್ತಾರೆ. ಕರ್ಣನ ಬಾಯಲ್ಲಿ ಪದ್ಯದಲ್ಲಿಲ್ಲದ ಎಷ್ಟೋ ಮಾತು ಬರುತ್ತದೆ, ಎದುರಿನ ಕೃಷ್ಣ ಅದಕ್ಕೆ ಅಲ್ಲೇ ಉತ್ತರ ಹುಡುಕಬೇಕು. ಕುವೆಂಪು ಅವರು ‘ಬೆರಳ್‌ಗೆ ಕೊರಳ್’ ನಾಟಕದಲ್ಲಿ ಏಕಲವ್ಯನಿಗೆ ಒಬ್ಬ ತಾಯಿಯನ್ನು ಕೊಟ್ಟರು. ಹೆಬ್ಬೆರಳು ಕತ್ತರಿಸಿಕೊಂಡ ಹುಡುಗ ಸಂಜೆ ಮನೆಗೆ ಹೋದಾಗ ಅವನ ತಾಯಿ ಏನೆಂದಳು ಎಂಬ ಪ್ರಶ್ನೆ ಅಲ್ಲಿಯವರೆಗೆ ಎಷ್ಟು ಜನಕ್ಕೆ ಹೊಳೆದಿತ್ತು?

ಸಿನಿಮಾದಲ್ಲೂ ಹಾಗೆಯೇ. ಉತ್ತರ ಕೇರಳದ ಹಳೆಯ ಹಾಡುಗಳಲ್ಲಿ ಚಂದು ಮೋಸಗಾರ. 1989ರ ‘ಒರು ವಡಕ್ಕನ್ ವೀರಗಾಥಾ’ ಚಿತ್ರಕ್ಕೆ ಚಿತ್ರಕಥೆ ಬರೆದ ಎಂ.ಟಿ. ವಾಸುದೇವನ್ ನಾಯರ್ ಅದೇ ಚಂದುವಿನ ಕಡೆಯಿಂದ ಕಥೆ ಹೇಳಿದರು. ಚಂದುವಾದ ಮಮ್ಮುಟ್ಟಿಗೆ ರಾಷ್ಟ್ರಪ್ರಶಸ್ತಿ ಬಂತು. ವಿಶಾಲ್ ಭಾರದ್ವಾಜ್ ಶೇಕ್ಸ್‌ಪಿಯರನ ಮ್ಯಾಕ್‌ಬೆತ್‌ನನ್ನು ಮುಂಬೈಯ ಭೂಗತ ಲೋಕಕ್ಕೆ ತಂದು ಮಕ್ಬೂಲ್ ಮಾಡಿದರು. ಅದು ಇರ್ಫಾನ್ ಅವರ ಪಾತ್ರ. ‘ಗುಲಾಬಿ ಟಾಕೀಸ್’ ಚಿತ್ರಕ್ಕೆ ಆಧಾರ ವೈದೇಹಿ ಅವರ ಸಣ್ಣಕಥೆ. ಕಾಸರವಳ್ಳಿ ಅದನ್ನು ಇದ್ದ ಹಾಗೆ ಚಿತ್ರ ಮಾಡಲಿಲ್ಲ. ಕಾಲವನ್ನು 1990ರ ದಶಕದ ಕೊನೆಗೆ ತಂದರು, ಡಿಶ್ ಆಂಟೆನಾ ತಂದರು, ದ್ವೀಪದ ಜನರ ನಡುವೆ ಬೆಳೆಯುವ ಬಿರುಕನ್ನು ತಂದರು.

ಇವರೆಲ್ಲ ದೊಡ್ಡವರು, ನಾವು ಪಿಯುಸಿ ಮಕ್ಕಳು ಎಂಬುದು ನಿಜ. ಆದರೆ ಕೆಲಸ ಶುರುವಾಗುವುದು ಒಂದೇ ಜಾಗದಿಂದ. ಕಥೆ ಮುಗಿದ ಮೇಲೂ ಮನಸ್ಸು ಅಲ್ಲೇ ನಿಂತು, ಮುಂದೆ ಏನಾಯಿತು, ಅವಳು ಎಲ್ಲಿಗೆ ಹೋದಳು, ಅವನ ತಾಯಿ ಏನೆಂದಳು ಎಂದು ಕೇಳುತ್ತದಲ್ಲ, ಆ ಜಾಗದಿಂದ.

ನಮ್ಮ ಕಥೆಗಳಲ್ಲಿ ಏನು ಕಡಿಮೆ?

ನಮ್ಮ ಕಾಲೇಜಿನಲ್ಲಿ ಇಂಥ ಕಥೆ ಬರೆಯುವವರು ನಾನೊಬ್ಬಳೇ ಅಲ್ಲ. ಫೋನ್ ತರುವ ಹಾಗಿಲ್ಲವಾದ್ದರಿಂದ ಅವು ಅಕೌಂಟೆನ್ಸಿ ನೋಟ್ಸಿನ ಹಿಂದಿನ ಪುಟಗಳಲ್ಲಿ ಇರುತ್ತವೆ, ಬೆಂಚಿನ ಅಡಿಯಿಂದ ಕೈ ಬದಲಾಯಿಸುತ್ತವೆ. ನಾನು ಓದಿದವುಗಳಲ್ಲಿ ಚುರುಕಾದ ಸಂಭಾಷಣೆ ಇದೆ, ನಗು ಇದೆ, ಧೈರ್ಯ ಇದೆ. ಆದರೂ ಓದಿ ಮುಗಿಸಿದಾಗ ಒಂದು ಕೊರತೆ ಕಾಣುತ್ತದೆ.

ಬಹುಪಾಲು ಕಥೆಗಳಲ್ಲಿ ಹೀರೋ ದೊಡ್ಡ ಕಂಪನಿಯ ಮಾಲೀಕ. ಕಪ್ಪು ಕಾರು. ವಿಮಾನ ನಿಲ್ದಾಣದಲ್ಲಿ ಭೇಟಿ, ಕಾಫಿ ಅಂಗಡಿಯಲ್ಲಿ ಜಗಳ, ಲಂಡನ್ನಿನಲ್ಲಿ ಮದುವೆ. ಹೀರೋಯಿನ್‌ಗೆ ತಂದೆ ತಾಯಿ ಇದ್ದರೂ ಅವರು ಮದುವೆ ಬೇಡ ಎನ್ನಲು ಮಾತ್ರ ಬರುತ್ತಾರೆ. ಅಜ್ಜಿ ಅಂತೂ ಇಲ್ಲವೇ ಇಲ್ಲ. ಯಾರ ಮನೆಯಲ್ಲೂ ಬೀಡಿ ಕಟ್ಟುವುದಿಲ್ಲ. ಯಾರ ಮಾಮನೂ ದಮಾಮಿನಿಂದ ಎರಡು ವರ್ಷಕ್ಕೊಮ್ಮೆ ಪೆಟ್ಟಿಗೆ ತುಂಬಿಕೊಂಡು ಬರುವುದಿಲ್ಲ. ಯಾರೂ ಬೂತಾಯಿ ಸಾರು ಉಣ್ಣುವುದಿಲ್ಲ. ಮನೆಯಲ್ಲಿ ಬ್ಯಾರಿ, ತುಳು, ದಖನಿ, ನವಾಯತಿ ಮಾತಾಡುವ ನಾವು ಕಥೆಯಲ್ಲಿ ಮಾತ್ರ ಅರ್ಧ ಇಂಗ್ಲಿಷಿನ ಯಾವುದೋ ನಗರದ ಭಾಷೆ ಮಾತಾಡುತ್ತೇವೆ.

ಕಾರಣ ಊಹಿಸುವುದು ಕಷ್ಟವಲ್ಲ. ನಮ್ಮ ಮನೆಯಂಥ ಮನೆ ತೆರೆಯ ಮೇಲೆ ಕಾಣುವುದು ಅಪರೂಪ. ಕಂಡಾಗ ಅದು ಬೆಳಗುತ್ತದೆ. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ 2004ರಲ್ಲಿ ‘ಹಸೀನಾ’ ಚಿತ್ರ ಬಂತು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದೇ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಬಂತು. ಬ್ಯಾರಿ ಭಾಷೆಯ ಮೊದಲ ಚಿತ್ರ ‘ಬ್ಯಾರಿ’ 2011ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಅಂದರೆ ನಮ್ಮ ಅಡುಗೆಮನೆಯ ಮಾತು ದೊಡ್ಡ ವೇದಿಕೆಗೆ ತಕ್ಕದ್ದಲ್ಲ ಎಂಬುದು ಸುಳ್ಳು. ಯಾರಾದರೂ ಅದನ್ನು ಬರೆಯಬೇಕು, ಅಷ್ಟೇ.

ಗುಲಾಬಿ ನಮ್ಮ ಮನೆಗೆ ಬಂದಳು

ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ‘ಗುಲಾಬಿ ಟಾಕೀಸ್’ನ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಗಂಡ ಅವಳನ್ನು ಬಿಟ್ಟು ಇನ್ನೊಬ್ಬಳ ಜೊತೆ ಇದ್ದಾನೆ. ಹೆರಿಗೆ ಮಾಡಿಸಿದ್ದಕ್ಕೆ ಅವಳ ಗುಡಿಸಲಿಗೆ ಟಿವಿ ಬರುತ್ತದೆ, ದ್ವೀಪದ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಕೊನೆಗೆ ಊರು ಒಡೆದಾಗ, ಆ ಊರಿನ ಎಷ್ಟೋ ಮಕ್ಕಳನ್ನು ಕೈಯಲ್ಲಿ ಹಿಡಿದ ಗುಲಾಬಿಯನ್ನೇ ಊರು ಬಿಡಿಸುತ್ತಾರೆ. ಚಿತ್ರ ಅವಳ ಹಿಂದೆ ಹೋಗುವುದಿಲ್ಲ. ಗುಲಾಬಿ ಎಲ್ಲಿಗೆ ಹೋದಳು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅವಳು ನಮ್ಮ ಮನೆಗೆ ಬಂದಳು ಎಂದು ಬರೆಯಲು ಕುಳಿತೆ.

ಬರೆಯಲು ಕುಳಿತ ಕೂಡಲೇ ನೂರು ಪ್ರಶ್ನೆ. ಸೂಲಗಿತ್ತಿಯ ಕೈಯಲ್ಲಿ ಚೀಲ ಇರುತ್ತಿತ್ತೇ? ಅವಳಿಗೆ ಏನು ಕೊಡುತ್ತಿದ್ದರು? ಇದಕ್ಕೆ ಗೂಗಲ್ ಬಳಿ ಉತ್ತರ ಇರಲಿಲ್ಲ. ಉಮ್ಮನ ಉಮ್ಮ, ನನ್ನ ಅಜ್ಜಿ, ಪಡಸಾಲೆಯಲ್ಲಿ ತಡ್ಪೆ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅವರನ್ನೇ ಕೇಳಿದೆ.

“ಚೀಲ ಎಂಥದ್ದು? ಬರಿಗೈಯಲ್ಲಿ ಬರುವುದು,” ಎಂದರು. ಬಿಸಿನೀರು, ಹಳೆಯ ಸೀರೆ, ಹೊಸ ಬ್ಲೇಡು, ಕಟ್ಟಲು ನೂಲು, ಎಲ್ಲ ಮನೆಯವರದ್ದೇ. ನೂಲು ಯಾವುದು ಎಂದೆ. ಅಜ್ಜಿ ತಡ್ಪೆಯಲ್ಲಿದ್ದ ಬೀಡಿ ನೂಲಿನ ಉಂಡೆಯನ್ನು ಎತ್ತಿ ತೋರಿಸಿದರು. ನನ್ನ ಉಮ್ಮನ ಹೊಕ್ಕುಳಬಳ್ಳಿ ಕಟ್ಟಿದ್ದು ಅಂಥದ್ದೇ ನೂಲಿನಲ್ಲಿ. ಕೊಡುತ್ತಿದ್ದದ್ದು ಸೇರಕ್ಕಿ, ತೆಂಗಿನಕಾಯಿ, ನಲವತ್ತನೇ ದಿನ ಒಂದು ಸೀರೆ.

ಆಮೇಲೆ ಅಜ್ಜಿ ನಾನು ಕೇಳದ್ದನ್ನೂ ಹೇಳಿದರು. ಉಮ್ಮನನ್ನು ಎತ್ತಿಕೊಂಡ ಸೂಲಗಿತ್ತಿ ನಮ್ಮವರಲ್ಲ. ಗದ್ದೆಯ ಆಚೆ ಬದಿಯ ತುಳು ಮನೆಮಾತಿನ ಹೆಂಗಸು. ಬ್ಯಾರಿ ನಮ್ಮಷ್ಟೇ ಚೆನ್ನಾಗಿ ಮಾತಾಡುತ್ತಿದ್ದರಂತೆ. ಮಗು ಹುಟ್ಟಿದ ಮೇಲೆ ಕಿವಿಯಲ್ಲಿ ಬಾಂಕ್ ಕೊಡಲು ಗಂಡಸರು ಒಳಗೆ ಬಂದಾಗ, ಮಗುವನ್ನು ಯಾವ ಕಡೆ ಹಿಡಿಯಬೇಕು ಎಂದು ಅವರಿಗೇ ಮೊದಲು ಗೊತ್ತಿರುತ್ತಿತ್ತು. ಅಜ್ಜಿಯ ತಾಯಿ ತೀರಿಕೊಂಡ ದಿನ ಅವರು ಬಂದು ಅಂಗಳದಲ್ಲಿ ಕೂತು ಅತ್ತರಂತೆ. ಹಾಗೆ ಮಾತು ಅಜ್ಜಿಯ ತಾಯಿಯ ಕಡೆಗೆ ತಿರುಗಿತು. ಅವರ ಹೆಸರನ್ನು ನಾನು ಮೊದಲ ಬಾರಿಗೆ ಕೇಳಿದ್ದು ಅಂದೇ. ಹೊಳೆಯ ಆಚೆಯಿಂದ ದೋಣಿಯಲ್ಲಿ ಮದುವೆಯಾಗಿ ಬಂದವರಂತೆ, ಒಪ್ಪನೆ ಹಾಡುವುದರಲ್ಲಿ ಊರಿಗೇ ಹೆಸರಾದವರಂತೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಮನೆಯದು. ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ಮನೆಯ ಯಾವ ಕಾಗದದಲ್ಲೂ ಆ ಹೆಸರಿಲ್ಲ. ರೇಷನ್ ಕಾರ್ಡಿನಲ್ಲಿ ಇಲ್ಲ, ಜಾಗದ ಆರ್‌ಟಿಸಿಯಲ್ಲಿ ಇಲ್ಲ, ಶಾಲೆಯ ದಾಖಲಾತಿಯಲ್ಲಿ ಇಲ್ಲ. ಅಲ್ಲೆಲ್ಲ ಇರುವುದು ಗಂಡಸರ ಹೆಸರು. ಹಳೆಯ ಕಾಲದ ಹೆಂಗಸರ ಹೆಸರು ಇರುವುದು ಇನ್ನೊಬ್ಬ ಹೆಂಗಸಿನ ನೆನಪಿನಲ್ಲಿ ಮಾತ್ರ. ಅಜ್ಜಿ ಹೇಳದೆ ಹೋಗಿದ್ದರೆ ಅದು ಅವರೊಂದಿಗೇ ಮಣ್ಣಾಗುತ್ತಿತ್ತು. ಇಷ್ಟು ವರ್ಷ ಅವರು ಯಾಕೆ ಹೇಳಿರಲಿಲ್ಲ? ಯಾರೂ ಕೇಳಿರಲಿಲ್ಲ. “ನಿಮ್ಮ ಬದುಕಿನ ಬಗ್ಗೆ ಹೇಳಿ” ಎಂದರೆ “ನನ್ನದೆಂಥ ಬದುಕು” ಎಂದು ಮುಖ ತಿರುಗಿಸುವ ಅಜ್ಜಿ, ಗುಲಾಬಿಗೋಸ್ಕರ ಎಂದಾಗ ಒಂದು ಕಟ್ಟು ಎಲೆ ಮುಗಿಯುವವರೆಗೆ ಮಾತಾಡಿದರು.

ಕಥೆ ಮುಗಿಸಿ ಅವರಿಗೆ ಬ್ಯಾರಿಯಲ್ಲಿ ಓದಿ ಹೇಳಿದೆ. ಗುಲಾಬಿ ಬಸ್ಸಿಳಿದು ಬರುತ್ತಾಳೆ, ಅಜ್ಜಿ ಅವಳಿಗೂ ಒಂದು ತಡ್ಪೆ ಕೊಡುತ್ತಾರೆ, ಮಗು ಹಿಡಿದ ಬೆರಳುಗಳು ಎಲೆ ಸುತ್ತಲು ಕಲಿಯುತ್ತವೆ. ಒಂದು ಸಂಜೆ ಗದ್ದೆಯಾಚೆಯ ಆ ಹಳೆಯ ಸೂಲಗಿತ್ತಿ ಬರುತ್ತಾರೆ, ಇಬ್ಬರೂ ತಾವು ಹಿಡಿದ ಮಕ್ಕಳ ಲೆಕ್ಕ ಹಾಕುತ್ತಾರೆ. ಅಜ್ಜಿ ಎಲ್ಲವನ್ನೂ ಕೇಳಿ ಒಂದೇ ತಕರಾರು ತೆಗೆದರು. “ಅಷ್ಟು ದೂರದಿಂದ ಬಂದವಳಿಗೆ ನಾನು ಊಟ ಕೊಟ್ಟದ್ದನ್ನೇ ನೀನು ಬರೆದಿಲ್ಲವಲ್ಲ?” ಪತ್ತಿರ್, ಬೂತಾಯಿ ಸಾರು ಸೇರಿಸಿದೆ. ಕಥೆ ಮೊದಲಿಗಿಂತ ಚೆನ್ನಾಯಿತು.

ಬೇರು ಎಂದರೆ ಇದೇ ಎಂದು ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಬೇರಿನ ಮಾತು ಬಂದರೆ ಅರಬ್ ವ್ಯಾಪಾರಿಗಳ ಹಡಗಿನಿಂದ ಶುರು ಮಾಡುವುದು ವಾಡಿಕೆ. ಹಡಗು ಬಂದಿರಬಹುದು. ಆದರೆ ಹಡಗಿನ ಬಗ್ಗೆ ಮಾತಾಡುವಾಗ ಹೆಮ್ಮೆ ಮಾತ್ರ ಸಿಗುತ್ತದೆ, ಗದ್ದೆಯಾಚೆಯ ಸೂಲಗಿತ್ತಿಯ ಬಗ್ಗೆ ಮಾತಾಡುವಾಗ ಯಾರ ಋಣದಲ್ಲಿ ಇದ್ದೇವೆ ಎಂಬುದು ತಿಳಿಯುತ್ತದೆ. ಈ ಕಾಲದಲ್ಲಿ ನಮಗೆ ಹೆಚ್ಚು ಬೇಕಾಗಿರುವುದು ಎರಡನೆಯದು.

ಆಕ್ಷೇಪಗಳಿಗೆ ಉತ್ತರ

ಇದು ಕದಿಯುವುದಲ್ಲವೇ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ‘ಬ್ಯಾರಿ’ ಚಿತ್ರ ತಮ್ಮ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಿಂದ ಬಂದದ್ದು ಎಂದು ಸಾರಾ ಅಬೂಬಕ್ಕರ್ ಕೋರ್ಟಿಗೆ ಹೋಗಿದ್ದರು ಎಂಬುದು ನಮ್ಮ ಊರಿನವರಿಗೆ ನೆನಪಿರುತ್ತದೆ. ಬರೆದವರ ಹೆಸರು, ಅವರ ಒಪ್ಪಿಗೆ ಎಷ್ಟು ಮುಖ್ಯ ಎಂಬುದಕ್ಕೆ ಅದೇ ಪಾಠ. ಆದ್ದರಿಂದ ನಮ್ಮ ಕಥೆಯ ಮೇಲ್ಭಾಗದಲ್ಲೇ ಪಾತ್ರ ಯಾರದ್ದು, ಯಾವ ಚಿತ್ರದ್ದು, ಮೂಲ ಕಥೆ ಯಾರದ್ದು ಎಂದು ಬರೆಯಬೇಕು. ಅದರಿಂದ ದುಡ್ಡು ಮಾಡಬಾರದು. ಮೂಲದ ಸಂಭಾಷಣೆಯನ್ನು ಎತ್ತಿ ಹಾಕಬಾರದು. ಪಾತ್ರ ಸಾಲ ತಂದದ್ದು, ಉಳಿದದ್ದು ನಮ್ಮದೇ ಆಗಿರಬೇಕು.

ಎರಡನೆಯ ವಿಷಯದಲ್ಲಿ ನಾನು ನನ್ನ ಜೊತೆಯ ಅಭಿಮಾನಿಗಳೊಂದಿಗೇ ಜಗಳಕ್ಕೆ ನಿಲ್ಲುತ್ತೇನೆ. ಪಾತ್ರದ ಬಗ್ಗೆ ಬರೆಯುವುದು ಬೇರೆ, ನಟನ ಬಗ್ಗೆ ಬರೆಯುವುದು ಬೇರೆ. ಯಾವ ನಟಿ ಯಾರನ್ನು ಬಿಟ್ಟಳು, ಯಾವ ನಟನ ಮನೆಯೊಳಗೆ ರಾತ್ರಿ ಏನಾಯಿತು ಎಂದು ಕಲ್ಪಿಸಿ ಬರೆಯುವ ಕಥೆಗಳಿವೆ. ಬದುಕಿರುವ ಮನುಷ್ಯರ ಹೆಸರಿನಲ್ಲಿ ಇಲ್ಲದ್ದನ್ನು ಹೇಳುವುದಕ್ಕೆ ಗೀಬತ್ ಎಂಬ ಮಾತೂ ಸಾಲದು. ಗೀಬತ್ ಎಂದರೆ ಇರುವುದನ್ನೇ ಬೆನ್ನ ಹಿಂದೆ ಆಡುವುದು. ಇಲ್ಲದ್ದನ್ನು ಆಡುವುದು ಅದಕ್ಕಿಂತ ದೊಡ್ಡ ತಪ್ಪು, ಅದು ಅಪವಾದ ಎಂದು ನಮಗೆ ಮದರಸದಲ್ಲೇ ಕಲಿಸಿದ್ದಾರೆ. ಎದುರುಮನೆಯವರ ಬಗ್ಗೆ ಆಡಬಾರದ್ದನ್ನು ಮುಂಬೈಯ ಮನೆಯವರ ಬಗ್ಗೆಯೂ ಆಡಬಾರದು. ಮಕ್ಬೂಲನನ್ನು ಎಷ್ಟು ಬೇಕಾದರೂ ಬರೆಯೋಣ, ಇರ್ಫಾನ್ ಅವರ ಮನೆಯವರನ್ನು ಬಿಟ್ಟುಬಿಡೋಣ.

ಸಿನಿಮಾವೇ ಬೇಡ ಎನ್ನುವ ಮನೆಗಳೂ ನಮ್ಮಲ್ಲಿವೆ. ಆ ಮನೆಗಳ ಹಿರಿಯರೊಂದಿಗೆ ಇಲ್ಲಿ ವಾದಕ್ಕೆ ಇಳಿಯುವುದಿಲ್ಲ. ಅಂಥ ಮನೆಯ ಗೆಳತಿಯರು ಓದಿದ ಕಥೆಯ ಪಾತ್ರವನ್ನೇ ಮುಂದುವರಿಸಬಹುದು. ಸಾರಾ ಅವರ ನಾದಿರಾ ಇದ್ದಾಳೆ, ಬೊಳುವಾರು ಅವರ ಮುತ್ತುಪ್ಪಾಡಿ ಇದೆ. ಆದರೆ ನೋಡುವವರು ಹೇಗೂ ನೋಡುತ್ತಿದ್ದಾರೆ. ನೋಡಿ ಸುಮ್ಮನೆ ಮುಂದಿನ ರೀಲ್‌ಗೆ ಬೆರಳು ಸರಿಸುವುದಕ್ಕಿಂತ, ನೋಡಿದ್ದನ್ನು ಹಿಡಿದು ಅಜ್ಜಿಯ ಪಕ್ಕ ಕೂರುವುದು ಒಳ್ಳೆಯದು ಎಂಬುದನ್ನು ಹಿರಿಯರೂ ಒಪ್ಪುತ್ತಾರೆ ಎಂದು ನಂಬಿದ್ದೇನೆ.

ಮಾರ್ಕಿಗೆ ಇದರಿಂದ ಏನು ಉಪಯೋಗ ಎಂಬುದು ಕೊನೆಯ ಆಕ್ಷೇಪ. ನೇರ ಉಪಯೋಗ ಇಲ್ಲ ಎಂದೇ ಹೇಳುತ್ತೇನೆ. ಆದರೆ ಗೈಡ್ ನೋಡದೆ ಕನ್ನಡದಲ್ಲಿ ನಾಲ್ಕು ಪುಟ ಬರೆದದ್ದು ನಾವು ಕೊನೆಯ ಬಾರಿ ಯಾವಾಗ? ಮನೆಯಲ್ಲಿ ಬೇರೆ ಭಾಷೆ ಆಡುವ ನಮಗೆ ಕನ್ನಡ ಶಾಲೆಯ ಭಾಷೆಯಾಗಿಯೇ ಉಳಿದಿದೆ. ಅಜ್ಜಿಯ ಮಾತನ್ನು ಬ್ಯಾರಿಯಿಂದ ಕನ್ನಡಕ್ಕೆ ತರುವಾಗ ಒಂದೊಂದು ಪದಕ್ಕೂ ಹುಡುಕಬೇಕಾಗುತ್ತದೆ. ಆ ಹುಡುಕಾಟದಲ್ಲಿ ಎರಡೂ ಭಾಷೆ ನಮ್ಮದಾಗುತ್ತದೆ. ತರಲಾಗದ ಪದವನ್ನು ಬ್ಯಾರಿಯಲ್ಲೇ ಇಡಬಹುದು, ಅದಕ್ಕೂ ಕನ್ನಡ ಲಿಪಿ ಸಾಕು. ಸರಕಾರ 2007ರಲ್ಲೇ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪಿಸಿದೆ. ಅಕಾಡೆಮಿಗೆ ಓದುಗರನ್ನೂ ಬರಹಗಾರರನ್ನೂ ಕೊಡಬೇಕಾದವರು ನಾವೇ ತಾನೆ?

ಒಂದು ಪುಟ ಕೊಡಿ

ಸಂಪಾದಕ ಮಂಡಳಿಗೂ ಕನ್ನಡ ವಿಭಾಗದ ಉಪನ್ಯಾಸಕರಿಗೂ ನನ್ನ ವಿನಂತಿ ಇಷ್ಟು. ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯಲ್ಲಿ ಅಭಿಮಾನಿ ಕಥೆಗೆ ಒಂದು ಪುಟ ಮೀಸಲಿಡಿ. ಕಥೆ ಐನೂರು ಪದ ಮೀರದಿರಲಿ. ಮೂಲದ ಹೆಸರು ಮೇಲೆ ಇರಲಿ. ಬದುಕಿರುವ ನಟನಟಿಯರ ಖಾಸಗಿ ಬದುಕು ಬರದಿರಲಿ. ಇನ್ನೊಂದು ನಿಯಮ ಕಡ್ಡಾಯ ಇರಲಿ. ಕಥೆಯಲ್ಲಿ ಒಂದಾದರೂ ವಿವರ ಮನೆಯ ಹಿರಿಯರನ್ನು ಕೇಳಿ ಬರೆದದ್ದಾಗಿರಬೇಕು. ಒಂದು ಅಡುಗೆ, ಒಂದು ಕೆಲಸದ ಸಲಕರಣೆ, ಒಂದು ಪ್ರಯಾಣ, ಒಂದು ಹೆಸರು, ಏನಾದರೂ ಆದೀತು. ಅಜ್ಜ ಅಜ್ಜಿ ಇಲ್ಲದವರು, ಹಾಸ್ಟೆಲಿನಲ್ಲಿ ಇರುವವರು ಪಕ್ಕದ ಮನೆಯವರನ್ನು, ಮಸೀದಿಯ ಹಿರಿಯರನ್ನು, ನಮ್ಮ ಕ್ಯಾಂಟೀನಿನ ಅಣ್ಣನನ್ನು ಕೇಳಬಹುದು. ಯಾರನ್ನೂ ಕೇಳಲಾಗದ ಜಾಗದಲ್ಲಿ ಕಲ್ಪನೆ ಇದೆ. ತಾಯಿಯಿಲ್ಲದ ಏಕಲವ್ಯನಿಗೆ ತಾಯಿ ಸಿಕ್ಕಿದ್ದು ಹಾಗೆಯೇ.

ಲೈಬ್ರರಿಯ ಮೇಡಂ ಹತ್ತಿರ ಇನ್ನೊಂದು ಕೋರಿಕೆ. ವೈದೇಹಿ, ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಇವರ ಪುಸ್ತಕಗಳನ್ನು ಬೀರುವಿನಿಂದ ತೆಗೆದು ಬಾಗಿಲ ಬಳಿಯ ಮೇಜಿನ ಮೇಲೆ ಇಡಿ. ನಮ್ಮ ಮನೆಗಳು ಕಥೆಯಾಗುವುದು ಹೇಗೆ ಎಂದು ಅವರು ಆಗಲೇ ತೋರಿಸಿದ್ದಾರೆ.

ಗೆಳೆಯ ಗೆಳತಿಯರೇ, ನಿಮ್ಮ ನೋಟ್ಸಿನ ಹಿಂದಿನ ಪುಟಗಳಲ್ಲಿ ಏನಿದೆ ಎಂದು ನನಗೆ ಗೊತ್ತು. ಕಪ್ಪು ಕಾರಿನ ಆ ಹೀರೋ ಹಾಗೆಯೇ ಇರಲಿ, ಅವನನ್ನು ಯಾರೂ ಓಡಿಸುತ್ತಿಲ್ಲ. ಆದರೆ ಈ ರವಿವಾರ ಅವನನ್ನು ಒಮ್ಮೆ ನಿಮ್ಮ ಮನೆಗೆ ಕರೆದುಕೊಂಡು ಹೋಗಿ. ಪಡಸಾಲೆಯಲ್ಲಿ ಕೂರಿಸಿ. ಒಳಗಿನಿಂದ ಯಾರು ಮೊದಲು ಬಂದು ಮಾತಾಡಿಸುತ್ತಾರೆ, ಯಾವ ಭಾಷೆಯಲ್ಲಿ, ಕುಡಿಯಲು ಏನು ಕೊಡುತ್ತಾರೆ, ನೀನು ಯಾರ ಮನೆಯವ ಎಂದು ಕೇಳಿದಾಗ ಅವನು ಏನು ಹೇಳುತ್ತಾನೆ ಎಂದು ಬರೆಯಿರಿ. ಸಂಪಾದಕರು ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಇನ್ಶಾ ಅಲ್ಲಾಹ್ ನಮ್ಮ ಗುಲಾಬಿಯೂ ಬರುತ್ತಾಳೆ. ಜೊತೆಗೆ ನಿಮ್ಮವರೂ ಬರಲಿ.